ಸಂಘಶಕ್ತಿಯೂ ರಾಜದ್ವಾರವೂ
(ಶ್ರೀಮಠದ ಮಹೋತ್ಸವ ಸಭೆಯಲ್ಲಿ ಮಾಡಿದ ಉಪನ್ಯಾಸ)

 

ಸಂಘಸಂಸ್ಥೆಗಳು ಸರ್ಕಾರದೊಡನೆ ನಡೆದುಕೊಳ್ಳಬೇಕಾದ ಬಗೆಯನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ನನಗೆ ಅಪ್ಪಣೆಯಾಗಿರುವುದು. ಪಾಠಶಾಲೆಯಲ್ಲಿ ವ್ಯಾಕರಣವನ್ನೋದಿದವನಿಗೆ ರಾಜಕಾರ್ಯದ ಮಾತೇಕೆಂದು ತಾವು ಕೇಳಬಹುದು. ವ್ಯಾಕರಣದಲ್ಲಿ ಸಂಪ್ರದಾನವೆಂಬುದೊಂದು ಕಾರಕವುಂಟು. ಕೊಡುವವನೊಬ್ಬನಿದ್ದರೆ ಸಾಲದು, ಯಾರಿಗೆ ಕೊಡಬೇಕೋ ಅವನೂ ಇರಬೇಕು. ಸರ್ಕಾರವು ಕೊಡಬೇಕಾದರೆ ಕೇಳುವವನು ಕೇಳತಕ್ಕ ರೀತಿಯನ್ನರಿತಿರಬೇಕು. ನಮ್ಮ ಹಿರಿಯರು ಆ ರೀತಿಯನ್ನು ಹೇಗೆ ಕಲಿತರೆಂಬುದೇ ಈ ದಿನದ ಮಾತು.

ಚಾಮರಾಜೇಂದ್ರ ಒಡೆಯರವರ ಆಳಿಕೆಯಲ್ಲಿ ದಿವಾನ್ ರಂಗಾಚಾರ್ಲು ಅವರು 1881ನೆಯ ಅಕ್ಟೋಬರ್ 7ರಂದು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಮೊದಲಬಾರಿಗೆ ಕೂಡಿಸಿದರು. ಸದಸ್ಯರು 144 ಮಂದಿ. ತಾಲ್ಲೂಕಿಗೆ ಒಬ್ಬಿಬ್ಬರು ಬೇಸಾಯಗಾರರು, ಜಿಲ್ಲೆಗೆ ಮೂರು ನಾಲ್ಕು ಮಂದಿ ವರ್ತಕರು ಎಂಬಂತೆ ಅವರನ್ನು ಆರಿಸಿದ್ದಿತು. ಆ ಸಭೆಗೆ ಕಾನೂನು ಮಾಡುವ ಅಧಿಕಾರವಿರಲಿಲ್ಲ. ದಿವಾನರು ಹೇಳಿದುದನ್ನು ಕೇಳಿ ತಮ್ಮ ಸೀಮೆಯ ಕಷ್ಟಗಳನ್ನು ಅರಿಕೆಮಾಡಿಕೊಳ್ಳುವುದಷ್ಟೇ ಅದರ ಕೆಲಸ. ಆದರೂ ರಾಜದ್ವಾರದಲ್ಲಿ ಪ್ರಜೆಯು ಎದ್ದು ನಿಂತು ಮಾತನಾಡುವ ಅಭ್ಯಾಸವು ಅಲ್ಲಿಂದ ಬಿದ್ದಿತು. 1891ರಲ್ಲಿ ಚುನಾವಣೆಯ ಹಕ್ಕು ಬಂದಿತು; 1923ರಲ್ಲಿ ಸಭೆಗೆ ಶಾಸನದ ಆಧಾರವೂ ದೊರೆಯಿತು.

ಮಾತನಾಡುವ ಸ್ಥಳವು ಸಿಕ್ಕಿದ ಮಾತ್ರಕ್ಕೆ ಮಾತಿಗೆ ತೂಕ ಬರುವುದಿಲ್ಲ. ನಮ್ಮವರಲ್ಲಿ ಓದಿದವರು ಕಡಮೆ. ಆದುದರಿಂದ ಕಚೇರಿಗಳಲ್ಲಿಯೂ ಕಡಮೆ. "ಕೆಲಸ ಕೊಡಿ" ಎಂದರೆ "ಓದಿದವರನ್ನು ತನ್ನಿ" ಎಂಬುದೇ ಉತ್ತರ. ಇದನ್ನರಿತ ಹಿರಿಯರು 1905ರಲ್ಲಿ ಮೈಸೂರು ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆಯನ್ನು ಕಟ್ಟಿದರು. ಮರುವರ್ಷವೇ ಒಕ್ಕಲಿಗರ ಸಂಘವು ಹುಟ್ಟಿತು. 1909ರಲ್ಲಿ ಮುಸಲ್ಮಾನ ಬಂಧುಗಳ ಸಂಸ್ಥೆಯು ಬಂದಿತು. ಒಂದೊಂದೂ ತನ್ನ ಮಕ್ಕಳ ಓದಿಗಾಗಿ ತಾನೇ ಹಣ ಕೂಡಿಸಲೆಳಸಿತು.

ಇನ್ನು 1917ನೆಯ ವರ್ಷವನ್ನು ತಾವು ವಿಶೇಷವಾಗಿ ನೆನಪಿನಲ್ಲಿಡಬೇಕು. ಆ ವರ್ಷ ಎರಡು ಕೆಲಸಗಳಾದುವು. ಒಕ್ಕಲಿಗರು, ಲಿಂಗಾಯತರು, ಮುಸಲ್ಮಾನರು ಮೊದಲಾದವರು ಕೂಡಿ ಪ್ರಜಾಮಿತ್ರ ಮಂಡಲಿಯನ್ನು ಸ್ಥಾಪಿಸಿದರು. ಅದೇ ವರ್ಷ ಸಿದ್ಧಗಂಗೆಯಲ್ಲಿ ಶ್ರೀ ಉದ್ದಾನ ಶಿವಯೋಗಿಗಳು ಬಡಮಕ್ಕಳಿಗೆ ಉಚಿತ ಅನ್ನವಸತಿಗಳ ವಿದ್ಯಾರ್ಥಿನಿಲಯವನ್ನು ತೆರೆದರು. ಒಂದು ರಾಜದ್ವಾರದಲ್ಲಿ ಕೇಳುವ ಕೆಲಸ. ಮತ್ತೊಂದು ಮನೆಯಲ್ಲಿ ತಾನೇ ಮಾಡುವ ಕೆಲಸ. ಇವೆರಡೂ ಎತ್ತಿನ ಜೋಡಿಯಂತೆ. ಒಂದನ್ನು ಬಿಟ್ಟರೆ ನೇಗಿಲು ಸಾಗದು.

ಮಂಡಲಿಯವರು 1918ರಲ್ಲಿ ಶ್ರೀಮನ್ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರವರ ಸನ್ನಿಧಾನಕ್ಕೆ ನಿಯೋಗ ಹೋಗಿ ಬಿನ್ನವಿಸಿಕೊಂಡರು. ಪ್ರಭುಗಳು ಚೀಫ್ ಕೋರ್ಟಿನ ಮುಖ್ಯ ನ್ಯಾಯಾಧೀಶರಾಗಿದ್ದ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿದರು. ದಿವಾನ್ ವಿಶ್ವೇಶ್ವರಯ್ಯನವರಿಗೆ ಈ ಮಾರ್ಗವು ಸಮ್ಮತವಾಗಲಿಲ್ಲ. ಆ ವರ್ಷದ ಕೊನೆಯಲ್ಲಿ ಅವರು ಅಧಿಕಾರವನ್ನು ಬಿಟ್ಟರು. ನಾಡಿಗೆ ಮಹೋಪಕಾರ ಮಾಡಿದ ಆ ಪುರುಷರ ಶಂಕೆಯನ್ನು ನಾವು ಹಗುರವಾಗಿ ಕಾಣಬಾರದು. ಸಮಿತಿಯು 1919ರಲ್ಲಿ ವರದಿಯನ್ನೊಪ್ಪಿಸಿತು. ಏಳು ವರ್ಷಗಳೊಳಗಾಗಿ ಮೇಲಣ ಹುದ್ದೆಗಳಲ್ಲಿ ಅರ್ಧಕ್ಕೂ ಕೆಳಗಣ ಹುದ್ದೆಗಳಲ್ಲಿ ಮೂರರಲ್ಲಿ ಎರಡು ಪಾಲಿಗೂ ಕಡಮೆಯಿಲ್ಲದಂತೆ ಬ್ರಾಹ್ಮಣೇತರ ವರ್ಗಗಳವರಿರಬೇಕೆಂಬುದು ಅದರ ಸಾರ. 1921ರಲ್ಲಿ ಸರ್ಕಾರದ ಆಜ್ಞೆ ಹೊರಟಿತು.

ಮಹಾಶಯರೇ, ಒಂದು ಪಂಗಡವು ಒಂಟಿಯಾಗಿ ಕೇಳಿದ್ದರೆ ಅದು ಸ್ವಾರ್ಥವೆನಿಸುತ್ತಿತ್ತು. ಹಲವರು ಕೂಡಿ ಕೇಳಿದುದರಿಂದ ನ್ಯಾಯವೆನಿಸಿತು. ಈ ನ್ಯಾಯದ ಮಾತು ನಮ್ಮ ಮೇಲೆಯೂ ತಿರುಗಿತೆಂಬುದನ್ನು ಮರೆಮಾಚಲಾಗದು. 1972ರಲ್ಲಿ ನೇಮಕವಾದ ಹಾವನೂರರ ಆಯೋಗವು 1975ರ ತನ್ನ ವರದಿಯಲ್ಲಿ ಲಿಂಗಾಯತರನ್ನು ಹಿಂದುಳಿದವರ ಪಟ್ಟಿಗೆ ಸೇರಿಸಲಿಲ್ಲ. ನಮ್ಮವರು ಬಹಳ ನೊಂದುಕೊಂಡರು. ನೋವು ಸಹಜವೇ. ಆದರೆ ಒಮ್ಮೆ ಬೇಡುವವರ ಪಂಕ್ತಿಯಲ್ಲಿ ನಿಂತವರು ಉಣ್ಣುವವರ ಪಂಕ್ತಿಗೆ ಬಂದಮೇಲೆ, ಬಾಗಿಲಲ್ಲಿ ಇನ್ನೂ ನಿಂತಿರುವವರು ಯಾರೆಂದು ಹೊರಳಿ ನೋಡಬೇಡವೇ? ದಾಸೋಹವೆಂಬ ಮಾತು ನಮ್ಮಲ್ಲಿ ಹುಟ್ಟಿದುದು ಏತಕ್ಕೆ?

ಕಣ್ಣಾರೆ ಕಂಡ ಒಂದು ಸಣ್ಣ ಸಂಗತಿಯನ್ನು ಹೇಳುತ್ತೇನೆ. ನಮ್ಮ ಸೀಮೆಯ ಒಂದು ಹಳ್ಳಿಯಲ್ಲಿ ಕೆರೆಯ ತೂಬು ಕೆಟ್ಟಿತ್ತು. ಒಂದು ಕೇರಿಯ ಯಜಮಾನರು ನನ್ನಿಂದ ಅರ್ಜಿಯನ್ನು ಬರೆಯಿಸಿದರು. ನಾನು ಪಾಂಡಿತ್ಯವನ್ನೆಲ್ಲ ಸುರಿದು ಅಧಿಕಾರಿಗಳನ್ನು ಕಲ್ಪವೃಕ್ಷಕ್ಕೆ ಹೋಲಿಸಿದೆ. ಅರ್ಜಿಯು ಕಚೇರಿಯಲ್ಲಿ ವರ್ಷವೊಂದು ಮಲಗಿತು. ಅನಂತರ ಎಲ್ಲ ಕೇರಿಗಳವರೂ ಗ್ರಾಮಸಭೆಯಲ್ಲಿ ಕೂಡಿದರು. ಕೆರೆಯ ಬಾಲದಲ್ಲಿ ಅರ್ಧ ಎಕರೆಯುಳ್ಳ ಹರಿಜನ ರೈತನ ಹೆಸರೂ ಸೇರಿತು. ಅಚ್ಚುಕಟ್ಟಿನ ಸರ್ವೆ ನಂಬರುಗಳನ್ನು ಬರೆದು, ನೀರು ಬರುವ ಕಾಲುವೆಯ ಹೂಳನ್ನು ತಾವೇ ತೆಗೆಯುವೆವೆಂದು ಒಪ್ಪಿ ಸಹಿ ಹಾಕಿದರು, ಹೇಳಿದಂತೆ ತೆಗೆದರು. ಮುಂದಿನ ಮಳೆಗೆ ಮೊದಲೇ ತೂಬು ದುರಸ್ತಾಯಿತು. ನನ್ನ ಕಲ್ಪವೃಕ್ಷವು ಮಾಡದ ಕೆಲಸವನ್ನು ಅವರ ಗುದ್ದಲಿ ಮಾಡಿತು.

ಈಗ ಪ್ರಜೆಯೇ ಪ್ರಭು. 1993ರ ಪಂಚಾಯತ್ ರಾಜ್ ಕಾನೂನು ಗ್ರಾಮಸಭೆಯನ್ನು ಕೊಟ್ಟಿದೆ. 2005ರ ಮಾಹಿತಿ ಹಕ್ಕಿನ ಕಾನೂನು ಕಡತವನ್ನು ನೋಡುವ ಅಧಿಕಾರವನ್ನು ಕೊಟ್ಟಿದೆ. 2011ರ ಸಕಾಲ ಕಾನೂನು ಹಲವು ಅರ್ಜಿಗಳಿಗೆ ದಿನಗಳ ಗಡುವನ್ನು ಇಟ್ಟಿದೆ. ಇಷ್ಟಿದ್ದೂ ನಾವು ಒಬ್ಬ ಪ್ರಭಾವಶಾಲಿಯ ಚೀಟಿಗಾಗಿ ಅಲೆಯುವುದು ನಾಚಿಕೆಗೇಡು.

ಕಡೆಯದಾಗಿ ಮಠದ ಮಾತು. ಅಧಿಕಾರಸ್ಥರು ಮಠಗಳಿಗೆ ಬರುತ್ತಾರೆ. ಬರಲಿ, ಪ್ರಸಾದ ಸ್ವೀಕರಿಸಲಿ. ಆದರೆ ಭಕ್ತರ ಮತವನ್ನು ತೂಗಿ ಕೊಟ್ಟು ಅನುದಾನವನ್ನು ಅಳೆದು ತರುವ ವ್ಯಾಪಾರಕ್ಕೆ ಮಠವು ಇಳಿಯಬಾರದು. ಕೈಯೊಡ್ಡಿ ಋಣಿಯಾದವನ ನಾಲಗೆಯು ಅನ್ಯಾಯವನ್ನು ಕಂಡಾಗ ಏಳಲಾರದು. ಶಾಲೆಗೆ, ಕೆರೆಗೆ, ಆಸ್ಪತ್ರೆಗೆ ಕೇಳೋಣ. ಸಭೆಯ ನಡುವೆ, ಎಲ್ಲರ ಪರವಾಗಿ, ಲೆಕ್ಕವನ್ನು ಮುಂದಿಟ್ಟು ಕೇಳೋಣ. ನಮ್ಮ ಪಾಲಿನ ಕೆಲಸವನ್ನು ಮೊದಲು ಮಾಡಿ ಕೇಳೋಣ.