ಸೋತದ್ದನ್ನು ಮುಚ್ಚಿಡಬೇಡಿ, ಲೆಕ್ಕ ಕೊಡಿ



ಸಂದರ್ಶನದಲ್ಲಿ ‘ಎಲ್ಲಿ ಸೋತಿದ್ದೀರಿ?’ ಎಂದರೆ ನಮ್ಮ ಹುಡುಗರು ತಲೆ ತಗ್ಗಿಸುತ್ತಾರೆ. ಇಲ್ಲವೇ ‘ಸೋತೇ ಇಲ್ಲ ಸಾರ್’ ಎನ್ನುತ್ತಾರೆ. ಎರಡೂ ಬೇಡ. ಕೆಲಸ ಕೊಡುವವನಾಗಿ ಹೇಳುತ್ತೇನೆ, ತಪ್ಪೇ ಮಾಡದವನು ಕೆಲಸವನ್ನೇ ಮಾಡಿಲ್ಲ.

ನಮ್ಮ ಪ್ರೆಸ್ಸಿಗೆ ಬಂದ ಹುಡುಗನೊಬ್ಬ ಹೇಳಿದ: ‘ಲಗ್ನಪತ್ರಿಕೆಯಲ್ಲಿ ತಾರೀಖು ತಪ್ಪಿತು. ಪ್ರೂಫ್ ನೋಡಿದವನು ನಾನೇ. 500 ಕಾರ್ಡು ರದ್ದಿಗೆ ಹೋದವು. ಅಂದಿನಿಂದ ಅಂಕಿಗಳನ್ನು ಇನ್ನೊಬ್ಬರಿಂದ ಗಟ್ಟಿಯಾಗಿ ಓದಿಸಿ, ಗಿರಾಕಿಯ ಸಹಿ ಪಡೆದೇ ಮೆಷಿನ್ನಿಗೆ ಕೊಡುತ್ತೇನೆ.’ ಆದದ್ದೇನು, ತನ್ನ ಪಾಲೆಷ್ಟು, ನಷ್ಟವೇನು, ಈಗ ಬದಲಾದದ್ದೇನು? ನಾಲ್ಕಕ್ಕೂ ಉತ್ತರ ಸಿಕ್ಕಿತು. ಕೆಲಸ ಕೊಟ್ಟೆ.

1979ರ ಆಗಸ್ಟ್ 10ರಂದು ಇಸ್ರೋದ ಎಸ್‌ಎಲ್‌ವಿ-3 ರಾಕೆಟ್ ಬಂಗಾಳ ಕೊಲ್ಲಿಗೆ ಬಿತ್ತು. ಕೆಟ್ಟ ವಾಲ್ವ್ ಕಾರಣವೆಂದು ಹುಡುಕಿ ಸರಿಪಡಿಸಿದರು. 1980ರ ಜುಲೈ 18ರಂದು ಅದೇ ಮಾದರಿಯ ರಾಕೆಟ್ ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು. ಕಾರಣ ಹುಡುಕಿದವರಿಗೆ ಸೋಲು ಬಂಡವಾಳ.

ಹಳೆಯ ಮಾಲೀಕರನ್ನು ದೂರಬೇಡಿ, ಗೋಳನ್ನೂ ಹೇಳಿಕೊಳ್ಳಬೇಡಿ. ಪಿಯುಸಿ ಫೇಲಾಗಿದ್ದರೆ ಯಾವ ವಿಷಯ, ಆಮೇಲೆ ಹೇಗೆ ಪಾಸಾದಿರಿ, ಅಷ್ಟು ಹೇಳಿ. ಇಂಗ್ಲಿಷ್ ತಡವರಿಸಿದರೆ ‘ಕನ್ನಡದಲ್ಲಿ ಹೇಳಲೇ?’ ಎಂದು ಕೇಳಿ. ಇಂಗ್ಲಿಷ್ ತಡವರಿಸುವುದನ್ನು ನಿಮ್ಮ ಸೋಲುಗಳ ಪಟ್ಟಿಗೆ ಸೇರಿಸಬೇಡಿ.

ಇವತ್ತು ರಾತ್ರಿಯೇ ಒಂದು ಸೋಲನ್ನು ನಾಲ್ಕು ಸಾಲಿನಲ್ಲಿ ಬರೆದು, ಗಟ್ಟಿಯಾಗಿ ಹೇಳಿ ನೋಡಿ.