ಹಳೆಯ ಜಾವಾ ಎಂಜಿನ್ನಿಗೆ ಹೊಸ ಜೀವ
(ಉದಯಗಿರಿಯಲ್ಲಿ ವೃತ್ತಿ ಮಾರ್ಗದರ್ಶನ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಅಮೆರಿಕದಲ್ಲಿ 1960ರ ದಶಕದ ಭಾರೀ ಕಾರುಗಳ ಎಂಜಿನ್ ಬಿಚ್ಚಿ ಇಂದಿನ ಓಟಕ್ಕೆ ಹೊಂದಿಸುವುದೇ ದೊಡ್ಡ ಕಸುಬು. ನಮ್ಮ ಊರಿಗೆ ಅಂಥದ್ದೊಂದು ಇದ್ದರೆ ಅದು ಜಾವಾ, ಯೆಜ್ಡಿ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಬೈಕುಗಳು ತಯಾರಾದವು. 1973ರಿಂದ ಯೆಜ್ಡಿ ಎಂಬ ಹೆಸರು ಬಂತು, 1996ರಲ್ಲಿ ಬಾಗಿಲು ಮುಚ್ಚಿತು. ಕಾರ್ಖಾನೆ ಹೋಯಿತು, ಗಾಡಿಗಳು ಉಳಿದವು. ಅವುಗಳನ್ನು ಬಲ್ಲ ಉಸ್ತಾದರಿಗೆ ಈಗ ವಯಸ್ಸಾಗಿದೆ. ಅವರ ಕೈಯಲ್ಲಿರುವುದು ಬಹುಪಾಲು ಬರಹಕ್ಕೆ ಇಳಿದಿಲ್ಲ. ಈ ಮಾತನ್ನು ನಾನು ಎತ್ತಿಕೊಂಡಿದ್ದು ಅದಕ್ಕೇ.

ಇದು ಎರಡು ಸ್ಟ್ರೋಕಿನ ಎಂಜಿನ್. ಹಳೆಯ 250 ಜಾವಾದ ಬೋರ್ 65 ಮಿ.ಮೀ., ಸ್ಟ್ರೋಕ್ 75 ಮಿ.ಮೀ. ‘ಬೋರ್ ದೊಡ್ಡದು ಮಾಡಿಸಿದರೆ ಗಾಡಿ ಹಾರುತ್ತೆ’ ಎಂದು ಹುಡುಗರು ಹೇಳುವುದನ್ನು ಕೇಳಿದ್ದೇನೆ. ಲೆಕ್ಕ ಹಾಕಿ ನೋಡಿ: 65ನ್ನು 66 ಮಾಡಿದರೆ ಸಾಮರ್ಥ್ಯ ಹೆಚ್ಚುವುದು ನೂರಕ್ಕೆ ಮೂರರಷ್ಟು ಮಾತ್ರ. ರೀಬೋರ್ ಮಾಡಿಸುವುದು ಸವೆದ ಸಿಲಿಂಡರನ್ನು ಮತ್ತೆ ದುಂಡಗೆ ಮಾಡಲು, ಶಕ್ತಿ ಹೆಚ್ಚಿಸಲು ಅಲ್ಲ. ಲೇತಿನವರಿಗೆ ಮೊದಲು ಹೊಸ ಪಿಸ್ಟನ್ ಕೊಡಿ, ಅದನ್ನು ಅಳೆದು ಬೋರ್ ಮಾಡಲಿ. ಪಿಸ್ಟನ್ನಿಗೂ ಸಿಲಿಂಡರಿಗೂ ನಡುವೆ ಕೂದಲೆಳೆಯಷ್ಟೇ ಜಾಗ. ಕಡಿಮೆಯಾದರೆ ಬಿಸಿಗೆ ಹಿಗ್ಗಿ ಸೀಜ್ ಆಗುತ್ತದೆ, ಹೆಚ್ಚಾದರೆ ಪಿಸ್ಟನ್ ಬಡಿಯುತ್ತದೆ. ಬೋರ್ ಆದ ಮೇಲೆ ಪೋರ್ಟುಗಳ ಅಂಚನ್ನು ಸ್ವಲ್ಪ ಉಜ್ಜಿ ಮೊಂಡು ಮಾಡದಿದ್ದರೆ ರಿಂಗ್ ಸಿಕ್ಕಿ ಮುರಿಯುತ್ತದೆ.

ನಿಜವಾದ ಕಳ್ಳ ಕೆಳಗೆ ಇದ್ದಾನೆ, ಕ್ರ್ಯಾಂಕಿನ ಆಯಿಲ್ ಸೀಲಿನಲ್ಲಿ. ಎರಡು ಸ್ಟ್ರೋಕಿನ ಎಂಜಿನ್ನಿನಲ್ಲಿ ಪೆಟ್ರೋಲು ಬೆರೆತ ಗಾಳಿ ಮೊದಲು ಕ್ರ್ಯಾಂಕ್ ಕೇಸಿಗೆ ಬಂದು, ಅಲ್ಲಿ ಒತ್ತಡಗೊಂಡು ಸಿಲಿಂಡರಿಗೆ ಏರುತ್ತದೆ. ಸೀಲ್ ಹಳತಾದರೆ ಹೊರಗಿನ ಗಾಳಿ ಒಳನುಗ್ಗಿ ಮಿಶ್ರಣದಲ್ಲಿ ಪೆಟ್ರೋಲಿನ ಪಾಲು ಕಡಿಮೆಯಾಗುತ್ತದೆ, ಎಂಜಿನ್ ಕಾಯುತ್ತದೆ, ಹೊಸ ಪಿಸ್ಟನ್ನೂ ಸುಡುತ್ತದೆ. ಎಂಜಿನ್ ಬಿಚ್ಚಿದಾಗ ಬೇರಿಂಗ್, ಸೀಲ್ ಎರಡನ್ನೂ ಬದಲಿಸಿ. (ಕ್ರ್ಯಾಂಕ್ ಬಳಸಿ ನೀರೆತ್ತುವ ಯಂತ್ರವನ್ನು 1206ರ ತನ್ನ ಗ್ರಂಥದಲ್ಲಿ ವಿವರಿಸಿದವರು ಅಲ್ ಜಝರಿ. ನಮ್ಮ ಮಕ್ಕಳು ಗ್ರೀಸಿನ ಕೈಯನ್ನು ಕಂಡು ನಾಚಬೇಕಿಲ್ಲ.)

ಇನ್ನು ಇಂದಿನ ಕಾಲದ ಪ್ರಶ್ನೆ. 2023ರಿಂದ ಬಂಕುಗಳಿಗೆ 20 ಶೇಕಡಾ ಎಥನಾಲ್ ಬೆರೆತ ಪೆಟ್ರೋಲು ಬರತೊಡಗಿತು. ಎಥನಾಲಿನಲ್ಲಿ ಆಮ್ಲಜನಕವಿರುವುದರಿಂದ ಹಳೆಯ ಜೆಟ್‌ನಲ್ಲಿ ಅದೇ ಮಿಶ್ರಣದ ಕೊರತೆ ಕಾಣಿಸುತ್ತದೆ. ಮುಖ್ಯ ಜೆಟ್ಟನ್ನು ಒಂದು ಅಳತೆ ದೊಡ್ಡದು ಹಾಕಿ, ಸ್ಪಾರ್ಕ್ ಪ್ಲಗ್ಗಿನ ಬಣ್ಣ ನೋಡಿ ತೀರ್ಮಾನಿಸಿ. ಬಿಳುಚಿದ್ದರೆ ಅಪಾಯ, ಕಂದು ಇದ್ದರೆ ಸರಿ. ಹಳೆಯ ರಬ್ಬರ್ ಪೈಪನ್ನು ಎಥನಾಲ್ ಕೆಡಿಸುತ್ತದೆ, ಅದನ್ನೂ ಬದಲಿಸಿ. ತಿಂಗಳುಗಟ್ಟಲೆ ನಿಲ್ಲಿಸುವ ಗಾಡಿಯ ಟ್ಯಾಂಕಿನಲ್ಲಿ ಪೆಟ್ರೋಲು ಬಿಡಬೇಡಿ, ಎಥನಾಲ್ ನೀರು ಹೀರುತ್ತದೆ.

6 ವೋಲ್ಟಿನ ಡೈನಮೊ, ಪಾಯಿಂಟುಗಳ ಬದಲು 12 ವೋಲ್ಟಿನ ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸುವುದು ನನ್ನ ಮಟ್ಟಿಗೆ ಅತ್ಯಂತ ಲಾಭದ ಖರ್ಚು: ಕಿಡಿ ಬಲವಾಗುತ್ತದೆ, ದೀಪ ಬೆಳಗುತ್ತದೆ. ಆದರೆ ಎಕ್ಸಾಸ್ಟ್ ಪೋರ್ಟನ್ನು ಮೇಲಕ್ಕೆ ಕೊರೆಯಬೇಡಿ. ಮೇಲಿನ ವೇಗದಲ್ಲಿ ಶಕ್ತಿ ಬಂದರೂ ಕೆಳಗಿನ ಎಳೆತ ಹೋಗುತ್ತದೆ. ಸಂಜೆಯ ದಟ್ಟಣೆಯಲ್ಲಿ ಬೇಕಾಗುವುದು ಕೆಳಗಿನ ಎಳೆತವೇ.

ಕಾನೂನೂ ಗೊತ್ತಿರಲಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ ತಯಾರಕರ ಮೂಲ ವಿವರಗಳಿಂದ ಬೇರೆಯಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. 15 ವರ್ಷ ದಾಟಿದ ಖಾಸಗಿ ಗಾಡಿಗೆ ನೋಂದಣಿ ನವೀಕರಣ ಬೇಕು. ಕ್ರ್ಯಾಂಕ್ ಕೇಸಿನ ಮೇಲಿನ ನಂಬರ್ ಎಂದೂ ಉಜ್ಜಬೇಡಿ.

ಶಾಲೆ ಬಿಟ್ಟು ಗ್ಯಾರೇಜು ಸೇರಿದ ಹುಡುಗರಿಗೆ ಒಂದು ಮಾತು. ಕೆಲಸ ಬಂದರೂ ಕಾಗದವಿಲ್ಲ ಎಂದು ಎಷ್ಟೋ ಕಡೆ ನಿಮ್ಮನ್ನು ವಾಪಸ್ ಕಳಿಸುತ್ತಾರೆ. 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ ಮೊದಲೇ ಕಲಿತ ಕಸುಬನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ವಿಭಾಗವನ್ನು ಸೇರಿಸಲಾಯಿತು. ಪಾಲಕರು ಆ ಬಗ್ಗೆ ವಿಚಾರಿಸಿ. ಮತ್ತು ಒಂದು ಮೈಕ್ರೋಮೀಟರ್ ಕೊಡಿಸಿ, ಜೊತೆಗೆ ಒಂದು ನೋಟ್‌ಪುಸ್ತಕ. ಬಿಚ್ಚಿದ ಪ್ರತಿ ಎಂಜಿನ್ನಿನ ಬೋರ್, ಪಿಸ್ಟನ್ ಅಳತೆ, ಜೆಟ್ ನಂಬರ್, ಹಾಕಿದ ಆಯಿಲಿನ ಪ್ರಮಾಣವನ್ನು ಉಸ್ತಾದರನ್ನು ಕೇಳಿ, ಅವರೆದುರೇ ಬರೆದುಕೊಳ್ಳಿ.