ವಿಧಿಯ ಮೇಲೆ ಹೊರಿಸಲಾಗದ ಸಾವುಗಳು



ಬೈಕ್ ಸವಾರನೊಬ್ಬ ರಸ್ತೆಗುಂಡಿಗೆ ಬಿದ್ದು ಸತ್ತಾಗ ನಾವು ಎರಡು ಮಾತುಗಳಲ್ಲಿ ವಿಷಯವನ್ನು ಮುಗಿಸಿಬಿಡುತ್ತೇವೆ. ಪೊಲೀಸ್ ದಾಖಲೆಯು ಅನೇಕ ವೇಳೆ 'ಅತಿವೇಗ ಮತ್ತು ಅಜಾಗರೂಕತೆ' ಎನ್ನುತ್ತದೆ. ಸಾಂತ್ವನಕ್ಕೆ ಬಂದವರು 'ವಿಧಿಲಿಖಿತ' ಎನ್ನುತ್ತಾರೆ. ಮೊದಲನೆಯದು ಸತ್ತವನನ್ನೇ ಅಪರಾಧಿಯಾಗಿಸುತ್ತದೆ, ಎರಡನೆಯದು ಬದುಕಿರುವವರನ್ನೆಲ್ಲ ಹೊಣೆಯಿಂದ ಬಿಡಿಸುತ್ತದೆ. ಗುಂಡಿ ಮಾತ್ರ ಮುಂದಿನ ಸವಾರನಿಗಾಗಿ ಅಲ್ಲೇ ಕಾದಿರುತ್ತದೆ.

2022ರಲ್ಲಿ ದೇಶದ ರಸ್ತೆಗಳಲ್ಲಿ ಮಡಿದವರು 1,68,491 ಮಂದಿ. ಅವರಲ್ಲಿ 74,897 ಮಂದಿ ದ್ವಿಚಕ್ರ ವಾಹನಗಳಲ್ಲಿದ್ದವರು. ಲಾರಿಗೆ ಬರೀ ಕುಲುಕಾಟವೆನಿಸುವ ಗುಂಡಿ, ಎರಡೇ ಗಾಲಿಗಳ ಮೇಲೆ ಸಮತೋಲ ಕಾಯುವವನಿಗೆ ಸಾವಿನ ಬಾಯಿಯಾಗಬಲ್ಲದು.

ನಮ್ಮ ರಸ್ತೆಗಳು ತಾವಾಗಿಯೇ ಕೆಡುವುದಿಲ್ಲ. ಹಿರಿಯೂರು ಸೀಮೆಯ ಕಪ್ಪು ಮಣ್ಣು ನೀರುಂಡರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಅದರೊಂದಿಗೆ ಮೇಲಿನ ಡಾಂಬರೂ ಬಿರಿಯುತ್ತದೆ. ಬಿರುಕಿನಲ್ಲಿ ನೀರಿಳಿದು ತಳ ಸಡಿಲಗೊಂಡ ಮೇಲೆ ಲಾರಿಯ ಭಾರವೇ ಗುಂಡಿಯನ್ನು ತೋಡುತ್ತದೆ. ಅಚ್ಚಿನ ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗಾಗುವ ಹಾನಿ ಸುಮಾರು ಹದಿನಾರು ಪಟ್ಟಾಗುತ್ತದೆ. ಅದಿರು ಲಾರಿಗಳನ್ನು ಕಂಡ ಹೊಳಲ್ಕೆರೆ, ಹೊಸದುರ್ಗದವರಿಗೆ ಇದನ್ನು ವಿವರಿಸಬೇಕಿಲ್ಲ. ಚರಂಡಿಯಿಲ್ಲದ ರಸ್ತೆಗೆ ಬಿಲ್ಲು ಮಂಜೂರು ಮಾಡುವವರು, ಮಿತಿಮೀರಿದ ಭಾರಕ್ಕೆ ಕಣ್ಣು ಮುಚ್ಚುವವರು ಉತ್ತರಿಸಲೇಬೇಕು.

ಆದರೆ ಬೆರಳು ನಮ್ಮತ್ತಲೂ ತಿರುಗಲಿ. ಸುಗ್ಗಿಯಲ್ಲಿ ರಾಗಿ, ಹುರುಳಿಯನ್ನು ರಸ್ತೆಯಲ್ಲೇ ಒಕ್ಕುತ್ತೇವೆ. ಆ ಹೊಟ್ಟಿನ ಮೇಲೆ ಬ್ರೇಕ್ ಒತ್ತಿದ ಸವಾರ ಜಾರುತ್ತಾನೆ. ಪಟ್ಟಣದ ನಾವು ಮನೆ ಕಟ್ಟುವ ಮರಳನ್ನು ಬೀದಿಗೆ ಸುರಿಯುತ್ತೇವೆ, ನಲ್ಲಿಗಾಗಿ ಅಗೆದ ಕಾಲುವೆಯನ್ನು ಅರೆಬರೆ ಮುಚ್ಚುತ್ತೇವೆ, ಮದುವೆಯ ಚಪ್ಪರಕ್ಕೆ ಡಾಂಬರು ಕೊರೆಯುತ್ತೇವೆ. ದಾರಿಯಿಂದ ತೊಂದರೆಯ ವಸ್ತುವನ್ನು ಸರಿಸುವುದನ್ನು ಪ್ರವಾದಿವರ್ಯರು(ಸ) ಈಮಾನಿನ ಒಂದು ಶಾಖೆಯೆಂದು ಕಲಿಸಿದರು. ಹಾಗಿರುವಾಗ ತೊಂದರೆಯನ್ನು ದಾರಿಗೆ ತಂದು ಹಾಕುವುದನ್ನು ಏನೆಂದು ಕರೆಯೋಣ?

ಕಾನೂನು ಮೌನವಾಗಿಲ್ಲ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 198ಎ ವಿಧಿಯಂತೆ, ರಸ್ತೆಯ ನಿರ್ಮಾಣ ಮತ್ತು ನಿರ್ವಹಣೆಯ ನಿಗದಿತ ಮಾನದಂಡಗಳನ್ನು ಪಾಲಿಸದ್ದರಿಂದ ಸಾವು ಅಥವಾ ಅಂಗವೈಕಲ್ಯ ಸಂಭವಿಸಿದರೆ, ಹೊಣೆಗಾರ ಪ್ರಾಧಿಕಾರ ಅಥವಾ ಗುತ್ತಿಗೆದಾರರಿಗೆ ಒಂದು ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಬಹುದು. ಆದ್ದರಿಂದ ಅಪಘಾತವಾದೊಡನೆ ಗುಂಡಿಯ ಸ್ಥಳ, ಅಳತೆ, ಛಾಯಾಚಿತ್ರಗಳನ್ನು ದಾಖಲಿಸಿ ದೂರಿನಲ್ಲಿ ಸೇರಿಸಬೇಕು. ಮರುದಿನ ಜಲ್ಲಿ ಸುರಿದು ಮುಚ್ಚಿದ ಮೇಲೆ ಸಾಕ್ಷ್ಯವೂ ಮುಚ್ಚಿಹೋಗುತ್ತದೆ.

ರಸ್ತೆ ಸರಿಹೋಗುವವರೆಗೆ ಜೀವವನ್ನಾದರೂ ಉಳಿಸಿಕೊಳ್ಳೋಣ. ನೀರು ತುಂಬಿದ ಗುಂಡಿಯ ಆಳ ಕಾಣದು. ಅದಕ್ಕೆ ಮೊದಲೇ ವೇಗ ತಗ್ಗಿಸಬೇಕು, ಗುಂಡಿಯೊಳಗೆ ಬ್ರೇಕ್ ಒತ್ತಬಾರದು. ಐಎಸ್ಐ ಗುರುತಿನ ಹೆಲ್ಮೆಟ್‌ನ ಪಟ್ಟಿಯನ್ನು ಬಿಗಿಯಬೇಕು. ಹೆಲ್ಮೆಟ್ ಧರಿಸಿದವರಲ್ಲಿ ಸಾವಿನ ಸಂಭವ ಶೇಕಡಾ 42ರಷ್ಟು ತಗ್ಗುತ್ತದೆಂದು ಅಧ್ಯಯನಗಳು ಹೇಳುತ್ತವೆ. ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯವಾದದ್ದು ನಮ್ಮ ರಾಜ್ಯದಲ್ಲಿ 2016ರಲ್ಲಿ. ಆದರೂ ಗಂಡನ ತಲೆಗೆ ಮಾತ್ರ ಹೆಲ್ಮೆಟ್, ಹಿಂದೆ ಒಂದೇ ಬದಿಗೆ ಕಾಲಿಳಿಬಿಟ್ಟ ಹೆಂಡತಿಗೆ ಬರೀ ದುಪಟ್ಟಾ, ಟ್ಯಾಂಕಿನ ಮೇಲಿನ ಮಗುವಿಗೆ ಏನೂ ಇಲ್ಲ. ದುಪಟ್ಟಾ, ಬುರ್ಖಾದ ಅಂಚು ಗಾಲಿಗೆ ಸಿಕ್ಕರೆ ಗುಂಡಿಯೂ ಬೇಕಾಗಿಲ್ಲ. ಮನೆಯ ಯಜಮಾನನ ತಲೆಗಿರುವ ಬೆಲೆ ಅವರ ತಲೆಗಿಲ್ಲವೇ?

ವಿಧಿಯಲ್ಲಿ ನಮಗೆ ವಿಶ್ವಾಸವಿದೆ. ಆದರೆ ಗುಂಡಿ ಮುಚ್ಚುವುದು, ಪಟ್ಟಿ ಬಿಗಿಯುವುದು ನಮ್ಮ ಕೈಯಲ್ಲಿದೆ. ನಾವು ವಿಚಾರಣೆಗೊಳಗಾಗುವುದು ನಮ್ಮ ಕೈಯಲ್ಲಿದ್ದುದರ ಕುರಿತೇ.